ಜಟ್ಕಾ ಬೇಲಿಗೆ ನಾಲ್ಕು ಸ್ಟಾರ್, ಗಾಲಿ ನೆರಳಿಗೆ ಒಂದೂವರೆ

2023ರ ಯುಗಾದಿ ಕಳೆದ ಮಾರನೇ ವಾರ ದನಗಳನ್ನು ಪಾಳಿಯ ಮೇಲೆ ಮೇಯಿಸೋಕೆ ಅಂತ ತರಿಸಿದ ಎರಡು ಸಾಮಾನು ಒಂದೇ ಲಗೇಜ್ ಆಟೋದಲ್ಲಿ ನಮ್ಮ ತೋಟಕ್ಕೆ ಬಂದು ಇಳಿದವು. ಒಂದು, ಸೋಲಾರ್ ಜಟ್ಕಾ ಮಿಷನ್ನು, ಅಂದರೆ ಬೇಲಿಯ ದಾರಕ್ಕೆ ಬಿಟ್ಟು ಬಿಟ್ಟು ಕರೆಂಟಿನ ಹೊಡೆತ ಕೊಡುವ ಪೆಟ್ಟಿಗೆ, ಅದರ ಜೊತೆಗೆ ದಾರದ ಉಂಡೆ, ಪ್ಲಾಸ್ಟಿಕ್ ಗೂಟ, ಚಿಲ್ಲರೆ ಸಾಮಾನು. ಇನ್ನೊಂದು, ನಾಲ್ಕು ಗಾಲಿಯ ಮೇಲೆ ನಿಲ್ಲುವ ಕಬ್ಬಿಣದ ಚೌಕಟ್ಟು, ಅದರ ನೆತ್ತಿಗೆ ಹಸಿರು ಶೇಡ್ ನೆಟ್. ಅಂಗಡಿಯವರು ಅದನ್ನು ‘ಮೂವಿಂಗ್ ಶೆಡ್’ ಅಂದರು. ನಮ್ಮನೆಯವಳು ನೋಡಿದ ಕೂಡಲೇ ‘ಗಾಲಿ ಚಪ್ಪರ’ ಅಂದಳು, ಆ ಹೆಸರೇ ನಿಂತಿತು. ಬೇಲಿಗೆ ಎಲ್ಲಾ ಸೇರಿ 19,600 ರೂಪಾಯಿ, ಚಪ್ಪರಕ್ಕೆ 28,500.

ಎರಡು ಮಳೆಗಾಲ, ಎರಡು ಬೇಸಿಗೆ ನೋಡಿ ಇದನ್ನು ಬರೆಯುತ್ತಿದ್ದೇನೆ. ಕಡಿಮೆ ದುಡ್ಡಿನದು ಇವತ್ತಿಗೂ ಡ್ಯೂಟಿ ಮಾಡುತ್ತಿದೆ. ಜಾಸ್ತಿ ದುಡ್ಡಿನದು ಬ್ರೇಕ್‌ಡೌನ್ ಆಗಿ, ಬಿಚ್ಚಿ ಉಳಿದದ್ದು ಹುಣಸೆಮರದ ಕೆಳಗೆ ಬಿದ್ದಿದೆ. ಕಂಪನಿಗಳ ಹೆಸರು ಬರೆಯುವುದಿಲ್ಲ. ಎಲ್ಲರೂ ಹೆಚ್ಚುಕಡಿಮೆ ಇದೇ ಮಾದರಿ ಮಾರುತ್ತಿದ್ದಾರೆ, ಏನು ನೋಡಿ ಕೊಳ್ಳಬೇಕು ಅನ್ನೋದು ಗೊತ್ತಾದರೆ ಹೆಸರು ನೀವೇ ಹುಡುಕಿಕೊಳ್ಳುತ್ತೀರಿ.

ನನ್ನದು ಅರಸೀಕೆರೆ ತಾಲ್ಲೂಕಿನ ಬಾಣಾವರದ ಕಡೆ 3 ಎಕರೆ 10 ಗುಂಟೆ. ಎರಡು ಎಕರೆ ತೆಂಗು, ಉಳಿದದ್ದು ಹುಲ್ಲಿಗೆ ಬಿಟ್ಟ ಖುಷ್ಕಿ. 29 ವರ್ಷ ಅರಸೀಕೆರೆ ಡಿಪೋದಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತನಾದವನು ನಾನು. ದನ ಐದು: ಬೆಳ್ಳಿ, ಗೌರಿ ಅಂತ ಎರಡು ಹಳ್ಳಿಕಾರ್ ಹಸು, ಒಂದು ಎಚ್‌ಎಫ್, ಅಂದರೆ ಹೋಲ್‌ಸ್ಟೀನ್ ಫ್ರೀಷಿಯನ್ ಮಿಶ್ರತಳಿ ಹಸು (ಇದಕ್ಕೆ ಹೆಸರಿಲ್ಲ, ‘ಸೀಮೆ ಹಸು’ ಅಷ್ಟೇ), ಒಂದು ಮಣಕ, ಒಂದು ಕರು.

ಬೇಲಿ ಯಾಕೆ ಬೇಕಾಯಿತು ಅಂದರೆ, ಗೂಟ ಬದಲಾಯಿಸಿ ಬದಲಾಯಿಸಿ ಸಾಕಾಗಿತ್ತು. ತೆಂಗಿನ ತೋಟದಲ್ಲಿ ದನ ಕಟ್ಟಿದರೆ ಹಗ್ಗ ಮರಕ್ಕೆ ಸುತ್ತಿಕೊಳ್ಳುತ್ತೆ. ಒಂದು ಮಧ್ಯಾಹ್ನ ಮಣಕ ಹಾಗೇ ಸುತ್ತಿ ಸುತ್ತಿ, ಕುತ್ತಿಗೆ ಮರಕ್ಕೆ ಅಂಟಿಕೊಂಡು ನಾಲಿಗೆ ಹೊರಗೆ ಬಂದಿತ್ತು. ಕುಡುಗೋಲಲ್ಲಿ ಕಣ್ಣಿ ಕೊಯ್ದು ಬಿಡಿಸಿದೆ. ದನ ಕಾಯೋಕೆ ಆಳು 500 ರೂಪಾಯಿ ಕೊಟ್ಟರೂ ಸಿಗೋದಿಲ್ಲ, ಸಿಕ್ಕವನು ಮೊಬೈಲ್ ನೋಡುತ್ತಾ ಬದುವಿನ ಮೇಲೆ ಕೂರುತ್ತಾನೆ. ಸುಮ್ಮನೆ ಬಿಟ್ಟರೆ ಐದೂ ದನ ಇಡೀ ತೋಟ ಸುತ್ತಿ, ತಮಗೆ ರುಚಿಯಾದ ಗರಿಕೆಯನ್ನು ಬುಡಕ್ಕೆ ಹೆರೆದು, ಬೇಡದ ಕಳೆಯನ್ನು ಬಿಟ್ಟು ಬೆಳೆಸುತ್ತವೆ. ಮೂರು ವರ್ಷಕ್ಕೆ ಹುಲ್ಲು ಹೋಗಿ ಪಾರ್ಥೇನಿಯಂ ಉಳಿಯುತ್ತೆ. ನಮ್ಮಲ್ಲಿ ಅದೇ ಆಗಿತ್ತು.

ಪಾಳಿಯ ಮೇಲೆ ಮೇಯಿಸೋದು ಅಂದರೆ ಇಷ್ಟೇ: ಜಾಗವನ್ನು ತುಂಡು ಮಾಡು, ಒಂದು ತುಂಡಿನಲ್ಲಿ ಒಂದು ದಿನ ಮೇಯಿಸು, ಮುಂದಕ್ಕೆ ಹೋಗು, ಹಿಂದಿನದಕ್ಕೆ ತಿಂಗಳು ರಜೆ ಕೊಡು. ಇದನ್ನು ಯೂಟ್ಯೂಬಿನಲ್ಲಿ ಹೊಸದು ಅನ್ನೋ ಥರ ಹೇಳುತ್ತಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆ ದನಗಳ ಇಲಾಖೆ ‘ಬೆಣ್ಣೆ ಚಾವಡಿ’ ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯಿತಲ್ಲ, ಆ ದನಗಳಿಗೆ ಬಿಟ್ಟ ಹುಲ್ಲುಗಾವಲುಗಳಲ್ಲಿ, ಅಂದರೆ ಕಾವಲುಗಳಲ್ಲಿ, ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ಕಾಲಕ್ಕೆ ತಕ್ಕಂತೆ ಮಂದೆ ಹೊರಡುತ್ತಿತ್ತು, ಹಿಂದಿನ ಹುಲ್ಲು ಸುಧಾರಿಸಿಕೊಳ್ಳುತ್ತಿತ್ತು. ಅಜ್ಜಂಪುರದ ಅಮೃತ್ ಮಹಲ್ ತಳಿ ಕೇಂದ್ರ ನಮಗೆ ದೂರವೇನಲ್ಲ. ಅವರದು ಸಾವಿರಾರು ಎಕರೆ, ನನ್ನದು ಮೂರು ಚಿಲ್ಲರೆ. ಅವರಿಗೆ ಕಾವಲುಗಾರರಿದ್ದರು, ನನಗೆ ದಾರ.

ಲೆಕ್ಕ ಹೀಗೆ ಹಾಕಿದೆ. ಮನೆ, ಪಂಪ್‌ಹೌಸು, ನೇಪಿಯರ್ ಮೇವಿನ ಹುಲ್ಲಿನ ಮಡಿ ಬಿಟ್ಟು 120 ಗುಂಟೆ ಉಳಿಯುತ್ತೆ. ಐದೈದು ಗುಂಟೆಯಂತೆ 24 ತುಂಡು. ನಮ್ಮನೆಯವಳು ಅದಕ್ಕೆ ‘ಅಂಕಣ’ ಅಂತ ಹೆಸರಿಟ್ಟಿದ್ದಾಳೆ, ಹಳೇ ಮನೆ ಅಳೆಯೋ ಮಾತು. ‘ಇವತ್ತು ಎಷ್ಟನೇ ಅಂಕಣ?’ ಅಂತ ಬೆಳಿಗ್ಗೆ ಕೇಳುತ್ತಾಳೆ. ಮಳೆಗಾಲದಲ್ಲಿ ದಿನಕ್ಕೊಂದು ಅಂಕಣ, ಹುಲ್ಲು ನಿಧಾನವಾದಾಗ ಎರಡು ದಿನಕ್ಕೊಂದು, ಕೊರತೆ ಬಿದ್ದದ್ದಕ್ಕೆ ರಾಗಿ ಹುಲ್ಲು. ಹುಲ್ಲು ನಾಲ್ಕು ಬೆರಳಿಗಿಂತ ಕೆಳಗೆ ಇಳಿಯೋ ಮುಂಚೆ ದನ ಎತ್ತಬೇಕು. ಮುಂದೊಂದು ದಾರ, ಹಿಂದೊಂದು ದಾರ. ಹಿಂದಿನದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಬಿಟ್ಟರೆ ನಾಲ್ಕನೇ ದಿನಕ್ಕೆ ಬಂದ ಚಿಗುರನ್ನು ದನ ವಾಪಸು ಹೋಗಿ ಕಚ್ಚುತ್ತವೆ, ಪಾಳಿಗೆ ಅರ್ಥವೇ ಇರೋದಿಲ್ಲ.

ಈಗ ಮಿಷನ್ನಿನ ವಿಷಯ. ಟಿಫನ್ ಕ್ಯಾರಿಯರ್ ಗಾತ್ರದ ಪೆಟ್ಟಿಗೆ. ಹೊಡೆತದ ಶಕ್ತಿ ಒಂದು ಜೌಲ್ ಅಂತ ಮೇಲೆ ಬರೆದಿದೆ. 40 ವ್ಯಾಟಿನ ಸೋಲಾರ್ ಹಲಗೆ, 12 ವೋಲ್ಟಿನ ಬ್ಯಾಟರಿ ಸೇರಿ 11,800. ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸಲ ‘ಟಕ್’ ಅನ್ನುತ್ತೆ. ವೋಲ್ಟು ಏಳೆಂಟು ಸಾವಿರ ಇರುತ್ತೆ, ಆದರೆ ಹೊಡೆತ ಇರೋದು ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ ಹೊತ್ತು. ಅದಕ್ಕೇ ದನ ಬೆಚ್ಚುತ್ತೆ, ಸಾಯೋದಿಲ್ಲ. ನಾನೂ ನಾಲ್ಕೈದು ಸಲ ತಿಂದಿದ್ದೇನೆ. ಮೊಣಕೈಗೆ ಯಾರೋ ಹಿಂದಿನಿಂದ ಕೋಲಲ್ಲಿ ಬಾರಿಸಿದ ಹಾಗಿರುತ್ತೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ‘ಮಿಷನ್ನು ಯಾಕೆ ಕಂಡಕ್ಟ್ರೇ, ಮೋಟರ್ ಲೈನಿನಿಂದ ಒಂದು ವೈರ್ ಎಳೆದರೆ ಆಯ್ತಪ್ಪ’ ಅಂದವರು ನಮ್ಮೂರಲ್ಲೇ ಇದ್ದಾರೆ. ಮೋಟರ್ ಲೈನಿನ ಕರೆಂಟು ಹಿಡಿದರೆ ಬಿಡೋದಿಲ್ಲ. ಹಾಗೆ ಮಾಡಿ ಆನೆ ಸತ್ತಿವೆ, ಪಕ್ಕದ ಹೊಲದವರು ಸತ್ತಿದ್ದಾರೆ, ಬೇಲಿ ಹಾಕಿದವರೇ ಸತ್ತಿದ್ದಾರೆ. ಅದು ಕಾನೂನಿಗೂ ಅಪರಾಧ. ಮಿಷನ್ ಕೊಳ್ಳುವಾಗ ಡಬ್ಬದ ಮೇಲೆ ಐಇಸಿ 60335-2-76 ಅನ್ನೋ ನಂಬರು ಇದೆಯಾ ನೋಡಿ. ಬೇಲಿ ಮಿಷನ್ನಿನ ಸುರಕ್ಷತೆಗೆ ಅಂತಲೇ ಇರುವ ಅಂತರರಾಷ್ಟ್ರೀಯ ಮಾನದಂಡ ಅದು. ಸ್ಥಳೀಯವಾಗಿ ಜೋಡಿಸಿ, ನಂಬರಿಲ್ಲದೆ 3,000ಕ್ಕೆ ಮಾರುವ ಡಬ್ಬಗಳೂ ಸಿಗುತ್ತವೆ. ಮೊಮ್ಮಕ್ಕಳು ಓಡಾಡೋ ತೋಟಕ್ಕೆ ಅದನ್ನು ತರಬೇಡಿ. ದಾರಿ ಪಕ್ಕಕ್ಕೆ ಹಳದಿ ಬೋರ್ಡು ನೇತುಹಾಕೋದನ್ನೂ ಮರೆಯಬೇಡಿ.

ದಾರ ಅಂದರೆ ಪ್ಲಾಸ್ಟಿಕ್ ಹುರಿಯ ಒಳಗೆ ಸ್ಟೀಲ್ ಎಳೆ ಹೆಣೆದದ್ದು, 500 ಮೀಟರಿಗೆ 2,300. ಎಳೆ ಎಷ್ಟಿವೆ ಎಣಿಸಿ ಕೊಳ್ಳಿ, ನನ್ನದರಲ್ಲಿ ಆರು. ಮೂರು ಎಳೆಯದು ಅಗ್ಗ, ಆದರೆ ಎರಡು ಎಳೆ ಒಳಗೇ ತುಂಡಾದರೆ ಹೊರಗಿನಿಂದ ಗೊತ್ತೇ ಆಗೋದಿಲ್ಲ. ಗಂಟು ಹಾಕುವಾಗ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ಕಟ್ಟಿದರೆ ಸಾಲದು, ಎರಡೂ ಕಡೆಯ ಸ್ಟೀಲ್ ಎಳೆ ಬಿಡಿಸಿ ಒಂದಕ್ಕೊಂದು ಹೊಸೆಯಬೇಕು. ಕಾಲಲ್ಲಿ ಒತ್ತಿ ನೆಡುವ ಪ್ಲಾಸ್ಟಿಕ್ ಗೂಟ 40 ತಂದೆ, ಒಂದಕ್ಕೆ 85. ಮಳೆಗಾಲದಲ್ಲಿ ಚಿಟಿಕೆ ಹೊಡೆಯೋಷ್ಟರಲ್ಲಿ ಇಳಿಯುತ್ತವೆ. ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣು ಇಟ್ಟಿಗೆಯಾಗುತ್ತೆ, ಹಾರೆಯಲ್ಲಿ ತೂತು ಮಾಡದೆ ಒತ್ತಿದರೆ ತುದಿಯ ಮೊಳೆ ಬಾಗುತ್ತೆ. ಒಂಬತ್ತು ಗೂಟ ಹೀಗೇ ಹೋದವು. ಅರ್ಧ ಸ್ಟಾರ್ ಕಡಿತ.

ದನಕ್ಕೆ ಪಾಠ ಹೇಳಿಕೊಡೋದು ಮುಖ್ಯ, ಅಂಗಡಿಯವರು ಇದನ್ನು ಹೇಳಲಿಲ್ಲ. ನೇರ ತೋಟಕ್ಕೆ ಬಿಟ್ಟರೆ ಹೊಡೆತ ತಿಂದ ದನ ಹಿಂದಕ್ಕೆ ಹೋಗೋ ಬದಲು ಮುಂದಕ್ಕೆ ನುಗ್ಗಿ ದಾರ ಕಿತ್ತುಕೊಂಡು ಓಡುತ್ತೆ. ಹಿತ್ತಲಿನ ಗಟ್ಟಿ ಕಲ್ಲುಗೋಡೆಯ ಒಳಗೆ ಅಡ್ಡಲಾಗಿ ಒಂದು ದಾರ ಕಟ್ಟಿ, ದಾರದ ಆಚೆ ಹಿಂಡಿ ಬುಟ್ಟಿ ಇಟ್ಟೆ. ಸೀಮೆ ಹಸು ಮೊದಲು ಬಂತು. ಒದ್ದೆ ಮೂಗು ಚಾಚಿ ದಾರ ಮೂಸಿತು. ಟಕ್. ಎರಡು ಹೆಜ್ಜೆ ಹಿಂದೆ ನೆಗೆದು, ನನ್ನ ಮುಖವನ್ನೇ ನೋಡಿತು, ನಾನೇ ಹೊಡೆದೆ ಅನ್ನೋ ಹಾಗೆ. ಮಣಕಕ್ಕೆ ಎರಡು ಹೊಡೆತ ಬೇಕಾಯಿತು. ಗೌರಿ ಇವೆರಡನ್ನೂ ನೋಡಿ ದಾರದ ಹತ್ತಿರವೇ ಬರಲಿಲ್ಲ.

ಬೆಳ್ಳಿ ಮಾತ್ರ ಬೇರೆ ಜಾತಿ. ಹಳ್ಳಿಕಾರ್ ಕೊಂಬು ಗೊತ್ತಲ್ಲ, ಹಣೆಯಿಂದ ಹಿಂದಕ್ಕೆ ಬಾಗಿ ಉದ್ದಕ್ಕೆ ಹೋಗಿ ತುದಿ ಮೇಲಕ್ಕೇಳುತ್ತೆ. ಕೊಂಬಿನ ಮೇಲ್ಪದರಕ್ಕೆ ಕರೆಂಟು ಹರಿಯೋದಿಲ್ಲ, ಉಗುರಿನ ಥರ. ಮೂರನೇ ದಿನ ಬೆಳಿಗ್ಗೆ ಹಾಲು ಡೈರಿಗೆ ಹಾಕಿ ಬರೋಷ್ಟರಲ್ಲಿ ಬೆಳ್ಳಿ ಪಕ್ಕದ ಅಂಕಣದಲ್ಲಿ ಮೇಯುತ್ತಿದ್ದಳು. ದಾರ ಹರಿದಿಲ್ಲ, ಗೂಟ ಬಿದ್ದಿಲ್ಲ. ಮಾರನೇ ದಿನ ಮರದ ಮರೆಯಲ್ಲಿ ನಿಂತು ನೋಡಿದೆ. ತಲೆ ತಗ್ಗಿಸಿದಳು, ಒಂದು ಕೊಂಬನ್ನು ನಿಧಾನವಾಗಿ ದಾರದ ಅಡಿಗೆ ತೂರಿಸಿದಳು, ಕತ್ತೆತ್ತಿ ದಾರವನ್ನು ಕೊಂಬಿನ ತುದಿಗೆ ಜಾರಿಸಿ, ಸೆರಗು ಸರಿಸಿದ ಹಾಗೆ ಬೆನ್ನಿನ ಮೇಲೆ ಹಾಯಿಸಿ ಆಚೆ ಹೋದಳು. ಬೆನ್ನಿಗೆ ಹೊಡೆತ ಬಿದ್ದಿರಬೇಕು, ಚರ್ಮ ಒಂದು ಸಲ ನಡುಗಿತು, ಅಷ್ಟೇ. ಟಿಕೆಟ್ ತಗೊಳ್ಳದೆ ಇಳಿದುಹೋಗೋ ಪ್ಯಾಸೆಂಜರನ್ನು ನಾನು ಬಹಳ ನೋಡಿದ್ದೇನೆ, ಇಷ್ಟು ನಾಜೂಕಿನವರನ್ನು ಕಂಡಿರಲಿಲ್ಲ.

ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗ ‘ಸಾರ್, ಜೌಲ್ ಜಾಸ್ತಿ ಇರೋ ಮಾಡೆಲ್ ತಗೊಳ್ಳಿ’ ಅಂದ. ಜೌಲಿನ ಸಮಸ್ಯೆ ಅಲ್ಲ ಅದು. ದಾರ ಎರಡೂಕಾಲು ಅಡಿ ಎತ್ತರದಲ್ಲಿತ್ತು, ತಲೆ ತಗ್ಗಿಸಿದರೆ ಕೊಂಬು ಮೊದಲು ತಾಗುತ್ತಿತ್ತು. ಎರಡು ದಾರ ಮಾಡಿದೆ: ಒಂದು ಮೂರಡಿಗೆ, ಇನ್ನೊಂದು ಒಂದೂವರೆ ಅಡಿಗೆ. ಈಗ ಮೇಲಿನದಕ್ಕೆ ಕೊಂಬು ಹಾಕಲು ಹೋದರೆ ಕೆಳಗಿನದು ಮೂಗಿಗೋ ಗಂಗೆದೊಗಲಿಗೋ ತಾಗುತ್ತೆ. ಕೆಳಗಿನ ದಾರದಿಂದ ಕರು ನುಸುಳೋದೂ ನಿಂತಿತು. ಬೆಳ್ಳಿ ಒಂದು ವಾರ ಸಿಟ್ಟು ಮಾಡಿಕೊಂಡಳು. ನೀಳ ಕೊಂಬಿನ ದನ ಇರುವವರು ಮೊದಲ ದಿನದಿಂದಲೇ ಎರಡು ದಾರದ ಲೆಕ್ಕದಲ್ಲಿ ಸಾಮಾನು ತನ್ನಿ.

ಆಮೇಲೆ ಬಂತು ಬರ. ಆ ವರ್ಷ ರಾಜ್ಯದಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾಯಿತು, ನಮ್ಮದೂ ಸೇರಿ. ಹುಲ್ಲಿನ ಕಥೆ ಬಿಡಿ, ಬೇಲಿಯೂ ಸತ್ತಿತು. ಮಿಷನ್ನು ಟಕ್ ಟಕ್ ಅನ್ನುತ್ತಿದೆ, ಬ್ಯಾಟರಿ ಸರಿ ಇದೆ, ದನ ದಾರಕ್ಕೆ ಮೈ ಉಜ್ಜುತ್ತಿವೆ. ಮಿಷನ್ನಿನಿಂದ ಹೊರಟ ಹೊಡೆತ ದಾರದ ಮೂಲಕ ದನದ ಮೈಗೆ, ಅಲ್ಲಿಂದ ಕಾಲಿಗೆ, ಕಾಲಿನಿಂದ ನೆಲದೊಳಗೆ ಹರಿದು ಅರ್ಥ್ ಸಲಾಕೆ ಸೇರಿ ವಾಪಸು ಮಿಷನ್ನಿಗೆ ಬರಬೇಕು. ನೆಲ ಒಣಗಿದರೆ ಆ ವಾಪಸು ದಾರಿ ಬಂದ್. ಬಸ್ಸು ಹೋಯಿತು, ರಿಟರ್ನ್ ಟ್ರಿಪ್ ಇಲ್ಲ.

ಕಂಪನಿಯವರು ಕೊಟ್ಟಿದ್ದು ಮೂರಡಿ ಉದ್ದದ ಒಂದೇ ಒಂದು ಸಲಾಕೆ. ನನ್ನ ದೊಡ್ಡ ದೂರು ಇದೇ. 11,800ರ ಮಿಷನ್ನಿಗೆ 150 ರೂಪಾಯಿಯ ಅರ್ಥ್. ಪಂಪ್‌ಸೆಟ್ ರಿಪೇರಿಯ ಹುಡುಗ ಬಂದು ದಾರಿ ತೋರಿಸಿದ. ಆರಡಿಯ ಮೂರು ಜಿಐ (ಸತು ಲೇಪಿಸಿದ ಕಬ್ಬಿಣದ) ಸಲಾಕೆ, ಒಂದರಿಂದ ಒಂದಕ್ಕೆ ಹತ್ತಡಿ ಬಿಟ್ಟು, ತೊಟ್ಟಿಯ ನೀರು ಚೆಲ್ಲಿ ಸದಾ ತೇವ ಇರುವ ಕಡೆ ಹೊಡೆದೆವು. ಮನೆ ಕರೆಂಟಿನ ಅರ್ಥಿನಿಂದ ಮೂವತ್ತು ಮೂವತ್ತೈದು ಅಡಿ ದೂರ ಇರಬೇಕು ಅಂದ, ಹಾಗೇ ಮಾಡಿದೆವು. ಒಣ ಖುಷ್ಕಿಯ ಕಡೆ ಕೆಳಗಿನ ದಾರವನ್ನೇ ಅರ್ಥಿಗೆ ಕೊಟ್ಟೆವು. ಮೇಲಿನದರಲ್ಲಿ ಕರೆಂಟು, ಕೆಳಗಿನದು ಅರ್ಥ್, ಎರಡೂ ಒಟ್ಟಿಗೆ ತಾಗಿದರೆ ನೆಲದ ಹಂಗಿಲ್ಲದೆ ಹೊಡೆಯುತ್ತೆ. ಬೇಸಿಗೆಗೆ ಈ ಏರ್ಪಾಡು, ಮಳೆ ಬಿದ್ದ ಮೇಲೆ ಎರಡರಲ್ಲೂ ಕರೆಂಟು.

ಅರ್ಥ್ ಸರಿ ಇದೆಯಾ ಅಂತ ನೋಡೋ ಬಗೆಯನ್ನೂ ಆ ಹುಡುಗನೇ ಹೇಳಿಕೊಟ್ಟ. ಮಿಷನ್ನಿನಿಂದ ನೂರು ಮೀಟರ್ ಆಚೆ ಬೇಲಿಗೆ ನಾಲ್ಕೈದು ಕಬ್ಬಿಣದ ಸಲಾಕೆ ಒರಗಿಸಿ, ಬೇಲಿಯ ವೋಲ್ಟು 2,000ಕ್ಕಿಂತ ಕೆಳಗೆ ಬೀಳೋ ಹಾಗೆ ಮಾಡಬೇಕು. ಆಗ ಅರ್ಥ್ ಸಲಾಕೆಯ ಮೇಲೆ ಟೆಸ್ಟರ್ ಇಟ್ಟರೆ 300 ವೋಲ್ಟಿಗಿಂತ ಜಾಸ್ತಿ ತೋರಿಸಬಾರದು. ತೋರಿಸಿದರೆ ಇನ್ನೊಂದು ಸಲಾಕೆ ಹೊಡಿ. ಮೊದಲ ಸಲ ನಮ್ಮದು 1,400 ತೋರಿಸಿತ್ತು. ಟೆಸ್ಟರ್ ಬೇರೆ ಕೊಳ್ಳಬೇಕು, ನನಗೆ 1,100 ರೂಪಾಯಿ ಆಯಿತು. ಕಿಟ್ ಜೊತೆ ಅದನ್ನು ಕೊಡದೆ ಇರೋದು, ವೇಬಿಲ್ (ಟಿಕೆಟ್ ಲೆಕ್ಕದ ಹಾಳೆ) ಕೊಡದೆ ಕಂಡಕ್ಟರನ್ನು ರೂಟಿಗೆ ಕಳಿಸಿದ ಹಾಗೆ. ನಮ್ಮ ದನಕ್ಕೆ 3,000 ವೋಲ್ಟಿಗಿಂತ ಕೆಳಗಾದರೆ ಬೇಲಿ ಬರೀ ದಾರ.

ಟೆಸ್ಟರಿಗಿಂತ ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು ಹಳೇ ಟ್ರಾನ್ಸಿಸ್ಟರ್ ರೇಡಿಯೋ. ಮಳೆಗಾಲದಲ್ಲಿ ಹುಲ್ಲು ಬೆಳೆದು ದಾರಕ್ಕೆ ತಾಗುತ್ತೆ, ತೆಂಗಿನ ಗರಿ ಬಿದ್ದು ದಾರ ನೆಲಕ್ಕೆ ಒತ್ತುತ್ತೆ, ಕರೆಂಟು ಅಲ್ಲೇ ಸೋರುತ್ತೆ. ಎಲ್ಲಿ ಅಂತ ಹುಡುಕೋದು ಹೇಗೆ? ಒಂದು ರಾತ್ರಿ ಜಗಲಿಯ ಮೇಲೆ ಮೀಡಿಯಂ ವೇವಿನಲ್ಲಿ ಭದ್ರಾವತಿ ಹಾಕಿಕೊಂಡು ಕೂತಿದ್ದೆ. ಹಾಡಿನ ನಡುವೆ ಟಪ್, ಟಪ್, ಟಪ್, ಮಿಷನ್ನಿನ ತಾಳಕ್ಕೆ ಸರಿಯಾಗಿ. ಮುಳ್ಳನ್ನು ಸ್ಟೇಷನ್ ಇಲ್ಲದ ಕಡೆ ತಿರುಗಿಸಿ, ರೇಡಿಯೋ ಕಂಕುಳಲ್ಲಿಟ್ಟು ಟಾರ್ಚ್ ಹಿಡಿದು ಬೇಲಿಗುಂಟ ನಡೆದೆ. ಹದಿನೇಳನೇ ಅಂಕಣದ ಮೂಲೆಗೆ ಬಂದಾಗ ಸದ್ದು ಪಟಾಕಿಯಷ್ಟಾಯಿತು. ಟಾರ್ಚ್ ಆರಿಸಿ ಬಗ್ಗಿದೆ. ಒದ್ದೆ ಗರಿಯ ಎಡಮಟ್ಟೆಯ ಮೇಲೆ ಸಾಸಿವೆಯಷ್ಟು ನೀಲಿ ಕಿಡಿ ಹುಟ್ಟುತ್ತಿತ್ತು, ಆರುತ್ತಿತ್ತು. ‘ರೀ, ರಾತ್ರಿ ಹನ್ನೊಂದಕ್ಕೆ ರೇಡಿಯೋ ಹಿಡ್ಕೊಂಡು ತೋಟ ಸುತ್ತೋದನ್ನ ಜನ ನೋಡಿದ್ರೆ ಏನಂದ್ಕೋತಾರೆ’ ಅಂದಳು ನಮ್ಮನೆಯವಳು. ಅಂದುಕೊಳ್ಳಲಿ. ಬೇಲಿ ಸೋರೋ ಜಾಗ ಹುಡುಕೋಕೆ ಇದಕ್ಕಿಂತ ಒಳ್ಳೇ ಉಪಕರಣ ನನ್ನ ಕೈಗೆ ಸಿಕ್ಕಿಲ್ಲ.

ಬ್ಯಾಟರಿ ವಿಷಯದಲ್ಲೂ ಕಂಪನಿ ಜಿಪುಣ. ಮಿಷನ್ನಿನ ಹಿಂದೆಯೇ 200 ಮಿಲಿಆಂಪ್ ಎಳೆಯುತ್ತೆ ಅಂತ ಬರೆದಿದೆ. 24 ಗಂಟೆಗೆ 4.8 ಆಂಪ್‌ಅವರ್ ಆಯಿತು. ಕೊಟ್ಟ ಬ್ಯಾಟರಿ 7 ಆಂಪ್‌ಅವರಿನದು. ಬಿಸಿಲು ಇಲ್ಲದಿದ್ದರೆ ಒಂದೂವರೆ ದಿನ ಬರೋದೂ ಕಷ್ಟ. 2024ರ ಪುನರ್ವಸು ಮಳೆ ಬಿಡದೆ ಹಿಡಿದಾಗ ಎರಡನೇ ರಾತ್ರಿಗೇ ಮಿಷನ್ನು ಮಲಗಿತು. ಬೆಳಿಗ್ಗೆ ಎದ್ದರೆ ಐದೂ ದನ ನೇಪಿಯರ್ ಮಡಿಯಲ್ಲಿ. 26 ಆಂಪ್‌ಅವರಿನದು ಹಾಕಿಸಿದ ಮೇಲೆ ಆ ತೊಂದರೆ ಇಲ್ಲ. ಗುಡುಗು ಸಿಡಿಲಿನ ಸೂಚನೆ ಕಂಡರೆ ಬೇಲಿ ವೈರನ್ನು ಮಿಷನ್ನಿನಿಂದ ಬಿಡಿಸಿಬಿಡಿ. ಒಂದು ಸಲ ಮರೆತಿದ್ದಕ್ಕೆ ಒಳಗಿನ ಬೋರ್ಡು ಸುಟ್ಟು 2,100 ದಂಡ ಕಟ್ಟಿದ್ದೇನೆ. ಅದನ್ನು ಮಾತ್ರ ಕಂಪನಿಯವರು ನಾಲ್ಕೇ ದಿನದಲ್ಲಿ ರಿಪೇರಿ ಮಾಡಿ ಕಳಿಸಿದರು, ಒಪ್ಪಿಕೊಳ್ಳಬೇಕು.

ಇಷ್ಟೆಲ್ಲ ದೂರು ಹೇಳಿಯೂ ನಾಲ್ಕು ಸ್ಟಾರ್ ಯಾಕೆ? ಬೆಳಿಗ್ಗೆ ದಾರ ಸರಿಸೋಕೆ ನನಗೆ ಇಪ್ಪತ್ತು ನಿಮಿಷ ಸಾಕು. ಮುಂದಿನ ದಾರ ಎತ್ತಿದರೆ ದನ ತಾವೇ ದಾಟಿ ನಿಲ್ಲುತ್ತವೆ, ಕೂಗೋದೂ ಬೇಡ. ಗೌರಿ ಗೂಟ ಕೀಳೋ ಸದ್ದಿಗೇ ಕಿವಿ ನಿಮಿರಿಸುತ್ತಾಳೆ. ಸಗಣಿ ಗಂಜಲ ಎಲ್ಲಾ ಅಂಕಣಕ್ಕೂ ಹಂಚಿ ಬೀಳುತ್ತೆ, ತಿಪ್ಪೆಯಿಂದ ತೋಟಕ್ಕೆ ಹೊರೋ ಕೆಲಸ ಅರ್ಧ ಇಳಿದಿದೆ. ಎರಡನೇ ಮಳೆಗಾಲದಲ್ಲಿ ಪಾರ್ಥೇನಿಯಂ ಇದ್ದ ಕಡೆ ಗರಿಕೆ ಹಬ್ಬಿದ್ದನ್ನು ಕಣ್ಣಾರೆ ನೋಡಿದೆ. ದನದ ಮೈಮೇಲಿನ ಉಣ್ಣೆ ಹುಳವೂ ಕಮ್ಮಿಯಾಗಿದೆ, ಆದರೆ ನಾಟಿಕೋಳಿ ಬಿಟ್ಟಿದ್ದೂ ಅದೇ ವರ್ಷ, ಪೂರ್ತಿ ಶ್ರೇಯಸ್ಸನ್ನು ಬೇಲಿಗೆ ಬರೆದರೆ ಕೋಳಿಗೆ ಅನ್ಯಾಯ.

ಇನ್ನು ಗಾಲಿ ಚಪ್ಪರ.

ಯೋಚನೆ ತಪ್ಪಲ್ಲ. ದನ ಅಂಕಣದಿಂದ ಅಂಕಣಕ್ಕೆ ಹೋದರೆ ನೆರಳೂ ಹಿಂದೆ ಹೋಗಬೇಕು. ತೆಂಗಿನ ನೆರಳು ಜರಡಿ ಹಿಡಿದ ಹಾಗೆ, ಮಧ್ಯಾಹ್ನ ಸೀಮೆ ಹಸುವಿಗೆ ಸಾಲೋದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಡುತ್ತಾ ನಿಂತರೆ ಅವತ್ತು ಸಂಜೆ ಹಾಲು ಒಂದು ಲೀಟರ್ ಕಮ್ಮಿ. ಹಳ್ಳಿಕಾರಿಗೆ ಅಷ್ಟು ತಾಪತ್ರಯವಿಲ್ಲ. ಮನೆ ಹತ್ತಿರದ ಕೊಟ್ಟಿಗೆಗೆ ಹೊಡೆದುಕೊಂಡು ಬಂದರೆ ಸಗಣಿಯೆಲ್ಲ ಅಲ್ಲೇ ಬೀಳುತ್ತೆ. ಹಾಗಾಗಿ 28,500 ಕೊಟ್ಟೆ. 10 ಅಡಿಗೆ 12 ಅಡಿ ಚೌಕಟ್ಟು, ಕ್ಯಾಟಲಾಗಿನಲ್ಲಿ ‘ಆರು ದನಕ್ಕೆ’. ಒಂದು ದನಕ್ಕೆ 40 ಚದರಡಿ ಇಟ್ಟುಕೊಂಡರೂ ಅದರ ಕೆಳಗೆ ಮೂರೇ ನಿಲ್ಲೋದು. ಬೆಳ್ಳಿ ಹೋಗಿ ನಿಂತರೆ ಎರಡೇ, ಮೂರನೆಯದನ್ನು ಅವಳು ಬಿಡೋದಿಲ್ಲ.

ಗಾಲಿ ಅಂಗೈಯಷ್ಟು ಅಗಲ, ಗಟ್ಟಿ ಪ್ಲಾಸ್ಟಿಕ್ಕಿನದು. ಶೋರೂಮಿನ ಟೈಲ್ಸ್ ಮೇಲೆ ಒಂದು ಬೆರಳಲ್ಲಿ ತಳ್ಳಿ ತೋರಿಸಿದ್ದರು. ಒಣ ನೆಲದಲ್ಲಿ ಪರವಾಗಿಲ್ಲ. ಒಂದು ಹದ ಮಳೆ ಬಿದ್ದ ಮೇಲೆ ನಾಲ್ಕೂ ಗಾಲಿ ಕೆಸರಲ್ಲಿ ಹೂತುಕೊಂಡವು, ಎತ್ತೋಕೆ ಹಾರೆ ತರಬೇಕಾಯಿತು. ನೆಟ್ಟಿಗೆ ಇಳಿಜಾರು ಕೊಟ್ಟಿರಲಿಲ್ಲ, ಮಳೆನೀರು ನಡುವೆ ನಿಂತು ತೊಟ್ಟಿಲ ಹಾಗೆ ಜೋಲಾಡಿತು. ನೆಟ್ಟು ಎಂಟಡಿ ಎತ್ತರ ಇರಬೇಕಾದದ್ದು ಆರೂವರೆ. ಬೆಳ್ಳಿ ತಲೆ ಕೊಡವಿದಳು, ಕೊಂಬಿನ ತುದಿ ಸಿಕ್ಕಿತು, ಪರ್‍ರ್ ಅಂತ ಒಂದು ಮೊಳ ಸೀಳು. ಅದರ ಮೇಲೆ ಒಂದು ಒಣಗಿದ ತೆಂಗಿನ ಗರಿ ಬಿತ್ತು. ತೆಂಗಿನ ತೋಟದಲ್ಲಿ ಗರಿ, ಕಾಯಿ ಬೀಳುತ್ತವೆ ಅನ್ನೋದು ಈ ಡಿಸೈನ್ ಮಾಡಿದವರಿಗೆ ಗೊತ್ತಿರಲಾರದು.

ಭರಣಿ ಮಳೆಗೆ ಮುಂಚೆ ಗಾಳಿ ಬರುತ್ತಲ್ಲ, ಕೊಂಡು ಒಂದು ತಿಂಗಳಾಗಿತ್ತು. ಸಂಜೆ ನಾಲ್ಕೂವರೆ. ಮೊದಲು ಕೆಂಧೂಳು, ಆಮೇಲೆ ಗಾಳಿ. ಪುಣ್ಯಕ್ಕೆ ದನ ಆಗಲೇ ಕೊಟ್ಟಿಗೆ ಕಡೆ ಹೊರಟಿದ್ದವು. ಚಪ್ಪರ ಎರಡು ಗಾಲಿ ಎತ್ತಿತು, ಒಂದು ಕ್ಷಣ ಯೋಚಿಸಿದ ಹಾಗೆ ನಿಂತಿತು, ಮಗುಚಿಕೊಂಡು ಪಕ್ಕದ ತೋಟದ ಕತ್ತಾಳೆ ಬೇಲಿಯ ಮೇಲೆ ಹೋಗಿ ಕೂತಿತು. ನೆಲಕ್ಕೆ ಬಿಗಿಯೋ ಮೊಳೆ, ಹಗ್ಗ ಯಾವುದನ್ನೂ ಕಂಪನಿ ಕೊಟ್ಟಿರಲಿಲ್ಲ. ಫೋನ್ ಮಾಡಿದರೆ ‘ಫೋಟೋ ವಾಟ್ಸಾಪ್ ಮಾಡಿ ಸಾರ್’. ಮಾಡಿದೆ. ‘ವಾರಂಟಿ ವೆಲ್ಡಿಂಗಿಗೆ ಮಾತ್ರ ಸಾರ್, ಗಾಳಿಗೆ ಬರಲ್ಲ.’ ಆಮೇಲೆ ವೆಲ್ಡಿಂಗೂ ಬಿಟ್ಟುಕೊಂಡಿತು. ಅದರ ಫೋಟೋ ಕಳಿಸಿದ್ದಕ್ಕೆ ಎರಡು ನೀಲಿ ಟಿಕ್ ಬಂದಿವೆ, ಉತ್ತರ ಇನ್ನೂ ಬಂದಿಲ್ಲ.

ಪಕ್ಕದ ತೋಟದ ಅಣ್ಣ ಕತ್ತಾಳೆ ಮೇಲಿನಿಂದ ಅದನ್ನು ಇಳಿಸೋಕೆ ಬಂದವರು, ಗಾಲಿಗಳನ್ನು ಕಾಲಲ್ಲಿ ತಿರುಗಿಸಿ ನೋಡಿ, ‘ಕಂಡಕ್ಟ್ರೇ, ಹೊಲದಲ್ಲಿ ಗಾಲಿ ಹೂಳ್ತದೆ, ಜಾರೋದು ಹೂಳಲ್ಲ. ಕುಂಟೆ ಎಳೆಯಲ್ವಾ?’ ಅಂದರು. ಆ ಮಾತಿನ ಮೇಲೆ ಬಾಣಾವರದ ಒಬ್ಬ ವೆಲ್ಡರ್ ಹತ್ತಿರ ಹೊಸದು ಮಾಡಿಸಿದೆ. ಕೆಳಗೆ ಎರಡು ಇಂಚಿನ ಜಿಐ ಪೈಪು ಎರಡು, 16 ಅಡಿ ಉದ್ದ, ಎರಡೂ ತುದಿ ಮೇಲಕ್ಕೆ ಬಗ್ಗಿಸಿದ್ದು, ನೆಲದ ಮೇಲೆ ಜಾರುತ್ತವೆ. ಅಗಲ 12 ಅಡಿ. ಒಂದು ಕಡೆ ಎಂಟೂವರೆ ಅಡಿ, ಇನ್ನೊಂದು ಕಡೆ ಏಳೂವರೆ, ನೀರು ಹರಿದುಹೋಗೋಕೆ. ಮೇಲೆ ಬಿದಿರ ಗಳ, ಅದಕ್ಕೆ ಹೆಣೆದ ತೆಂಗಿನ ಸೋಗೆ ಎರಡು ಪದರ. ಶೇಡ್ ನೆಟ್ಟಿಗಿಂತ ಸೋಗೆಯ ಕೆಳಗೆ ತಂಪು, ಅಲ್ಲಿ ನಿಂತು ನೋಡಿದವರಿಗೆ ಹೇಳಬೇಕಾಗಿಲ್ಲ. ಹಳೇ ಚಪ್ಪರದ ಪೈಪುಗಳಲ್ಲಿ ಕೆಲವನ್ನು ಇದಕ್ಕೇ ಬಳಸಿದೆ, ಕೂಲಿ ಸೇರಿ 9,400 ಆಯಿತು. ನಾಲ್ಕು ಮೂಲೆಗೆ ಕಬ್ಬಿಣದ ಗೂಟ ಹೊಡೆದು ಹಗ್ಗ ಬಿಗಿಯುತ್ತೇನೆ. ಉದ್ದ ಪೂರ್ವ-ಪಶ್ಚಿಮಕ್ಕೆ ಇರೋ ಹಾಗೆ ನಿಲ್ಲಿಸುತ್ತೇನೆ, ನಡುಮಧ್ಯಾಹ್ನದ ಬಿಸಿಲು ಒಳಗೆ ನುಗ್ಗೋದಿಲ್ಲ.

ದಿನಾ ಎಳೆಯೋದೂ ಬೇಡ. ನಾಲ್ಕು ಅಂಕಣ ಸೇರುವ ಮೂಲೆಯಲ್ಲಿ ಒಂದು ಸಲ ನಿಲ್ಲಿಸಿದರೆ ನಾಲ್ಕು ದಿನ ಬರುತ್ತೆ, ದಾರವನ್ನು ಮಾತ್ರ ಸುತ್ತ ತಿರುಗಿಸುತ್ತೇನೆ. ಐದನೇ ದಿನ ಅಣ್ಣನವರ ಎತ್ತಿನ ಜೋಡಿ ಬರುತ್ತೆ, ಕುಂಟೆಗೆ ಕಟ್ಟಿದ ಹಾಗೆ ಮಿಣಿ ಕಟ್ಟಿ ಎಳೆಯುತ್ತೆ, ಹದಿನೈದು ನಿಮಿಷದ ಕೆಲಸ. ಅದಕ್ಕೆ ಒಂದು ಲೀಟರ್ ಹಾಲು ಅವರ ಮನೆಗೆ. ಒಂದೇ ಕಡೆ ನಾಲ್ಕು ದಿನಕ್ಕಿಂತ ಹೆಚ್ಚು ನಿಂತರೆ ಕೆಳಗೆ ರೊಚ್ಚೆಯಾಗಿ ನೊಣ ಬರುತ್ತೆ. ಸೋಗೆ ವರ್ಷಕ್ಕೊಮ್ಮೆ ಬದಲಾಯಿಸಬೇಕು, ತೆಂಗು ಇರುವವನಿಗೆ ಅದು ಖರ್ಚಲ್ಲ. ಗರಿ ಬಿದ್ದರೂ ತಡೆಯುತ್ತೆ. ಆದರೆ ಕಾಯಿ ಉದುರುವ ಮರದ ಕೆಳಗೆ ನಿಲ್ಲಿಸೋದಿಲ್ಲ, ಚಪ್ಪರ ತಡೆದರೂ ಆ ಸದ್ದಿಗೆ ಸೀಮೆ ಹಸು ಹೌಹಾರುತ್ತೆ.

ಯಾರು ಕೊಳ್ಳಬಾರದು ಅಂತಲೂ ಹೇಳಿಬಿಡುತ್ತೇನೆ. ಸುತ್ತಲಿನ ಗಡಿಗೆ ಗಟ್ಟಿ ಬೇಲಿ ಇಲ್ಲದವರು ಬರೀ ಈ ದಾರ ನಂಬಿ ದನ ಬಿಡಬೇಡಿ. ನನಗೆ ಸುತ್ತಲೂ ಕತ್ತಾಳೆ, ಮುಳ್ಳುತಂತಿ ಇದೆ, ದಾರ ಒಳಗಿನ ಗೋಡೆ ಮಾತ್ರ. ಎರಡು ದಿನಕ್ಕೊಮ್ಮೆ ತೋಟಕ್ಕೆ ಹೋಗುವವರಿಗೂ ಇದು ಆಗೋದಿಲ್ಲ, ಪಾಳಿ ಅಂದರೆ ಪಾಳಿ. ಕೊಳ್ಳುವವರು ಮಿಷನ್ನಿನ ದುಡ್ಡಿನ ಮೇಲೆ ಇನ್ನೊಂದು ಐದಾರು ಸಾವಿರವನ್ನು ಅರ್ಥ್ ಸಲಾಕೆ, ಟೆಸ್ಟರ್, ದೊಡ್ಡ ಬ್ಯಾಟರಿಗೆ ಅಂತ ಎತ್ತಿಡಿ. ಚಪ್ಪರದ ದುಡ್ಡನ್ನು ಊರ ವೆಲ್ಡರಿಗೆ ಕೊಡಿ.

ಗಾಲಿ ಚಪ್ಪರಕ್ಕೆ ಕೊಟ್ಟ ಒಂದೂವರೆ ಸ್ಟಾರಿನಲ್ಲಿ ಒಂದು ಪೈಪಿಗೆ, ಅರ್ಧ ಗಾಲಿಗೆ. ಆ ನಾಲ್ಕು ಗಾಲಿಯನ್ನು ಈಗ 200 ಲೀಟರಿನ ನೀರಿನ ಡ್ರಮ್ಮಿನ ಕೆಳಗೆ ಹಾಕಿದ್ದೇನೆ. ಒಣ ನೆಲದಲ್ಲಿ ಓಡುತ್ತವೆ, ಒಂದು ಮಾತ್ರ ಕಿರುಗುಟ್ಟುತ್ತೆ. ಆ ಸದ್ದು ಕೇಳಿದರೆ ನೀರು ಬಂತು ಅಂತ ಬೆಳ್ಳಿ ದಾರದ ಹತ್ತಿರ ಬಂದು, ಒಂದು ಮೊಳ ಈಚೆಗೇ ನಿಲ್ಲುತ್ತಾಳೆ.